ಜಮೀನಿನ ಮಣ್ಣಿನ ಕಣವಿನ್ಯಾಸದ ನಕ್ಷೆ: ಒಮ್ಮೆ ತಯಾರಿಸಿ, ಬಹುಕಾಲ ಬಳಸಿ

ಬೆಂಗಳೂರಿನ ಪೂರ್ವಭಾಗದ ಲಿಂಗರಾಜಪುರದಲ್ಲಿ ಇಂದು ಉಳುವ ಹೊಲಗಳಿಲ್ಲ. ಆದರೂ ಹೊರಗಿನ ಮಣ್ಣು ತುಂಬದ ನಿವೇಶನದಲ್ಲಿ ಮನೆಯ ಪಾಯ ತೋಡಿದಾಗ ಈ ಸೀಮೆಯ ಭೂಮಿಯ ಸ್ವಭಾವ ಕಣ್ಣಿಗೆ ಕಾಣುತ್ತದೆ. ಮೇಲೆ ಮರಳಿನ ಅಂಶ ಹೆಚ್ಚಿರುವ ಕಂದುಗೆಂಪು ಮಣ್ಣು, ಅದರ ಕೆಳಗೆ ಅಂಟು ಹೆಚ್ಚಿರುವ ಕಡುಗೆಂಪು ಪದರ, ಇನ್ನೂ ಕೆಳಗೆ ಶಿಥಿಲಗೊಂಡ ನೈಸ್ ಶಿಲೆಯ ಗರಸು. ಪಾಯ ತೋಡುವವರು ಈ ಪದರಗಳಲ್ಲಿ ಕಟ್ಟಡದ ಭಾರ ಹೊರುವ ಶಕ್ತಿಯನ್ನು ನೋಡುತ್ತಾರೆ. ಕೃಷಿಕರು ನೋಡಬೇಕಾದದ್ದು ನೀರನ್ನು ಹಿಡಿದಿಡುವ ಶಕ್ತಿಯನ್ನು.

ಕೆ.ಆರ್.ಪುರ ದಾಟಿ ಹೊಸಕೋಟೆ, ಮಾಲೂರು, ಕೋಲಾರದ ಕಡೆಗೆ ಹೋದಂತೆ ಇದೇ ಬಗೆಯ ಕೆಂಪುಮಣ್ಣಿನಲ್ಲಿ ರಾಗಿ, ಹಿಪ್ಪುನೇರಳೆ, ತರಕಾರಿ ಮತ್ತು ಮಾವು ಬೆಳೆಯುವುದನ್ನು ಕಾಣುತ್ತೀರಿ. ಪೂರ್ವ ಒಣ ವಲಯದ ಈ ಭಾಗದಲ್ಲಿ ಕೃಷಿ ನಿಂತಿರುವುದು ಮಳೆ ಮತ್ತು ಆಳವಾದ ಕೊಳವೆಬಾವಿಗಳ ಮೇಲೆ. ಹೀಗಿರುವಾಗ ನಿಮ್ಮ ಜಮೀನಿನ ಯಾವ ಭಾಗದ ಮಣ್ಣು ಎಷ್ಟು ನೀರನ್ನು ಹಿಡಿಯುತ್ತದೆ ಎಂಬುದನ್ನು ತಿಳಿಯದೆ ನೀರು ಹಾಯಿಸಿದರೆ ಸಂಪನ್ಮೂಲ ವ್ಯರ್ಥವಾಗುತ್ತದೆ. ಅದನ್ನು ತಿಳಿಸುವ ಸಾಧನವೇ ಮಣ್ಣಿನ ಕಣವಿನ್ಯಾಸದ ನಕ್ಷೆ. ಇದನ್ನು ರೈತರೇ ಬಹುಮಟ್ಟಿಗೆ ತಮ್ಮ ಕೈಯಾರೆ ಸಿದ್ಧಪಡಿಸಿಕೊಳ್ಳಬಹುದು.

ಕಣವಿನ್ಯಾಸ ಎಂದರೇನು?

ಮಣ್ಣಿನಲ್ಲಿರುವ ಮರಳು, ರೇವೆ ಮತ್ತು ಜೇಡಿ ಕಣಗಳ ಪರಸ್ಪರ ಪ್ರಮಾಣವೇ ಕಣವಿನ್ಯಾಸ. 2 ಮಿ.ಮೀ.ನಿಂದ 0.05 ಮಿ.ಮೀ. ವರೆಗಿನ ಕಣಗಳು ಮರಳು, 0.05ರಿಂದ 0.002 ಮಿ.ಮೀ. ವರೆಗಿನವು ರೇವೆ, 0.002 ಮಿ.ಮೀ.ಗಿಂತ ಸಣ್ಣವು ಜೇಡಿ. 2 ಮಿ.ಮೀ.ಗಿಂತ ದಪ್ಪನೆಯ ಕಲ್ಲುಹರಳುಗಳನ್ನು ಗರಸು ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕಲಾಗುತ್ತದೆ. ಮೂರೂ ಬಗೆಯ ಕಣಗಳ ಗುಣಗಳು ಹದವಾಗಿ ಬೆರೆತ ಮಣ್ಣನ್ನು ಗೋಡು ಮಣ್ಣು ಎನ್ನುತ್ತೇವೆ. ಇವುಗಳ ಪ್ರಮಾಣವನ್ನು ಆಧರಿಸಿ ವಿಜ್ಞಾನಿಗಳು ಮಣ್ಣನ್ನು ಒಟ್ಟು 12 ವರ್ಗಗಳಾಗಿ ವಿಂಗಡಿಸಿದ್ದಾರೆ. ನಮ್ಮ ಕೆಂಪುಮಣ್ಣಿನ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವವು ಗೋಡುಮಿಶ್ರಿತ ಮರಳು, ಮರಳುಮಿಶ್ರಿತ ಗೋಡು, ಮರಳುಮಿಶ್ರಿತ ಜೇಡಿಗೋಡು ಮತ್ತು ತಗ್ಗಿನಲ್ಲಿ ಜೇಡಿ ಮಣ್ಣು.

ಗೊಬ್ಬರ, ಸುಣ್ಣ, ಉಳುಮೆ ಮತ್ತು ಬೆಳೆ ಪರಿವರ್ತನೆಯಿಂದ ಮಣ್ಣಿನ ಸಾರಜನಕ, ರಂಜಕ, ರಸಸಾರ ಬದಲಾಗುತ್ತವೆ. ಕಣವಿನ್ಯಾಸ ಹಾಗೆ ಬದಲಾಗುವುದಿಲ್ಲ. ಮೇಲ್ಮಣ್ಣು ಕೊಚ್ಚಿಹೋದಾಗ, ಇಟ್ಟಿಗೆ ಗೂಡಿಗೆಂದು ಮಣ್ಣು ತೆಗೆದಾಗ ಅಥವಾ ಹೊರಗಿನ ಮಣ್ಣು ತಂದು ಹರಡಿದಾಗ ಮಾತ್ರ ಅದು ಗಮನಾರ್ಹವಾಗಿ ಬದಲಾಗುತ್ತದೆ. ಆದ್ದರಿಂದ ಫಲವತ್ತತೆಯ ಪರೀಕ್ಷೆಯನ್ನು ಕೆಲವು ವರ್ಷಗಳಿಗೊಮ್ಮೆ ಮಾಡಿಸಬೇಕಾದರೆ, ಕಣವಿನ್ಯಾಸದ ನಕ್ಷೆಯನ್ನು ಒಮ್ಮೆ ಸರಿಯಾಗಿ ತಯಾರಿಸಿದರೆ ಮುಂದಿನ ತಲೆಮಾರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಮಣ್ಣು ಆರೋಗ್ಯ ಚೀಟಿ ಇದ್ದರೆ ಸಾಲದೆ?

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ ಮತ್ತು ಸಾವಯವ ಇಂಗಾಲ. ಈ ಪಟ್ಟಿಯಲ್ಲಿ ಕಣವಿನ್ಯಾಸ ಇಲ್ಲ. ಯೋಜನೆಯ ಮಾರ್ಗಸೂಚಿಯಂತೆ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯಲಾಗುತ್ತಿತ್ತು. 10 ಹೆಕ್ಟೇರ್ ಎಂದರೆ ಸುಮಾರು 25 ಎಕರೆ. ಎರಡು ಎಕರೆಯ ಹಿಡುವಳಿದಾರರ ಹೊಲದೊಳಗಿನ ವ್ಯತ್ಯಾಸವನ್ನು ಈ ಅಳತೆಯಲ್ಲಿ ಹಿಡಿಯಲಾಗದು. ಚೀಟಿ ಪೋಷಕಾಂಶಗಳ ಲೆಕ್ಕವನ್ನು ಕೊಡುತ್ತದೆ. ಆ ಪೋಷಕಾಂಶಗಳು ಬೇರಿನ ಬಳಿ ಎಷ್ಟು ದಿನ ನಿಲ್ಲುತ್ತವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಣವಿನ್ಯಾಸ.

ಈಗಾಗಲೇ ಇರುವ ನಕ್ಷೆಗಳು ಮತ್ತು ಅವುಗಳ ಅಳತೆ

ನಮ್ಮ ರಾಜ್ಯದಲ್ಲಿ ಮಣ್ಣಿನ ಅಧ್ಯಯನಕ್ಕೆ ದೀರ್ಘ ಪರಂಪರೆಯಿದೆ. ಲಿಂಗರಾಜಪುರದಿಂದ ಕೆಲವೇ ಕಿಲೋಮೀಟರ್ ದೂರದ ಹೆಬ್ಬಾಳದಲ್ಲಿ 1899ರಲ್ಲಿ ಮೈಸೂರು ಸಂಸ್ಥಾನದ ರೀಜೆಂಟ್ ಮಹಾರಾಣಿಯವರು ನೀಡಿದ 30 ಎಕರೆ ಭೂಮಿಯಲ್ಲಿ ಕೃಷಿ ಪ್ರಯೋಗ ಕೇಂದ್ರ ಆರಂಭವಾಯಿತು. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇಂದು ಹೆಬ್ಬಾಳದಲ್ಲಿಯೇ ಇದೆ. ಈ ಸಂಸ್ಥೆಯು 1:2,50,000 ಅಳತೆಯಲ್ಲಿ ಸಿದ್ಧಪಡಿಸಿದ ಕರ್ನಾಟಕದ ಮಣ್ಣಿನ ನಕ್ಷೆಯನ್ನು 1998ರಲ್ಲಿ ಪ್ರಕಟಿಸಿತು.

ನಕ್ಷೆಯನ್ನು ಬಳಸುವ ಮೊದಲು ಅದರ ಅಳತೆಯನ್ನು ಅರಿಯುವುದು ಅವಶ್ಯಕ. 1:2,50,000 ಅಳತೆಯಲ್ಲಿ ಕಾಗದದ ಮೇಲಿನ 1 ಸೆಂ.ಮೀ. ನೆಲದ ಮೇಲೆ 2.5 ಕಿ.ಮೀ. ಆಗುತ್ತದೆ, 1 ಚದರ ಸೆಂ.ಮೀ. ಜಾಗ 625 ಹೆಕ್ಟೇರನ್ನು ಪ್ರತಿನಿಧಿಸುತ್ತದೆ. ಜಿಲ್ಲೆಯ ಯೋಜನೆಗೆ ಇದು ಉಪಯುಕ್ತ, ಸರ್ವೆ ನಂಬರಿನ ಮಟ್ಟಕ್ಕೆ ಅಲ್ಲ. ಜಗತ್ತಿನಾದ್ಯಂತ ಬಳಸುವ, ಉಪಗ್ರಹ ಮಾಹಿತಿ ಮತ್ತು ಗಣಕಯಂತ್ರದ ಲೆಕ್ಕಾಚಾರದಿಂದ ಸಿದ್ಧವಾದ ಸಾಯಿಲ್‌ಗ್ರಿಡ್ಸ್ ನಕ್ಷೆಯಲ್ಲಿಯೂ ಒಂದು ಚೌಕದ ಬದಿ 250 ಮೀಟರ್; ಅಂದರೆ ಒಂದು ಚೌಕದಲ್ಲಿ 15 ಎಕರೆಗೂ ಹೆಚ್ಚು ಭೂಮಿ ಅಡಗಿರುತ್ತದೆ.

ಈ ಕೊರತೆಯನ್ನು ನೀಗಿಸಲು ರಾಜ್ಯದ ಜಲಾನಯನ ಅಭಿವೃದ್ಧಿ ಇಲಾಖೆಯು ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಕೃಷಿ ವಿಶ್ವವಿದ್ಯಾಲಯಗಳು ಮತ್ತು ಮೇಲಿನ ಸಂಸ್ಥೆಯ ಸಹಭಾಗಿತ್ವದಲ್ಲಿ ಭೂ ಸಂಪನ್ಮೂಲ ಸಮೀಕ್ಷೆಯನ್ನು ಕೈಗೊಂಡಿತು. ಇದಕ್ಕೆ ಆಧಾರವಾದದ್ದು 1:7,920 ಅಳತೆಯ ಗ್ರಾಮ ನಕ್ಷೆ. ಈ ಸಂಖ್ಯೆ ವಿಚಿತ್ರವೆನಿಸಿದರೂ ಹಿರಿಯರಿಗೆ ಪರಿಚಿತವಾದದ್ದೇ: ನಕ್ಷೆಯ ಒಂದು ಅಂಗುಲಕ್ಕೆ ನೆಲದ ಒಂದು ಫರ್ಲಾಂಗು, ಅಂದರೆ 660 ಅಡಿ. ಇಲ್ಲಿ 1 ಚದರ ಸೆಂ.ಮೀ. ಜಾಗ ಸುಮಾರು ಒಂದೂವರೆ ಎಕರೆಯನ್ನು ತೋರಿಸುತ್ತದೆ. ಸಮೀಕ್ಷೆಯಲ್ಲಿ ಗುಂಡಿ ತೋಡಿ ಮಣ್ಣಿನ ಆಳ, ಮೇಲ್ಮಣ್ಣಿನ ಕಣವಿನ್ಯಾಸ, ಗರಸಿನ ಪ್ರಮಾಣ, ಇಳಿಜಾರು ಮತ್ತು ಸವಕಳಿಯನ್ನು ದಾಖಲಿಸಲಾಯಿತು. ಈ ಕಾರ್ಯವನ್ನು ರಿವಾರ್ಡ್ ಯೋಜನೆಯಲ್ಲಿ ಮುಂದುವರಿಸಲಾಗಿದೆ. ನಿಮ್ಮ ಕಿರುಜಲಾನಯನ ಪ್ರದೇಶ ಇದರ ವ್ಯಾಪ್ತಿಗೆ ಬಂದಿದೆಯೇ ಎಂಬುದನ್ನು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬಂದಿದ್ದರೆ ಆ ನಕ್ಷೆಯಿಂದಲೇ ಆರಂಭಿಸಿ. ಬರದಿದ್ದರೆ ಕೆಳಗಿನ ವಿಧಾನವನ್ನು ಅನುಸರಿಸಿ.

ಹೊಲದ ನಕ್ಷೆ ತಯಾರಿಸುವ ವಿಧಾನ

1. ಆಧಾರ ನಕ್ಷೆ: ಸರ್ವೆ ನಂಬರಿನ ನಕಾಶೆಯನ್ನು ಪಡೆದುಕೊಳ್ಳಿ ಅಥವಾ ದಿಶಾಂಕ್ ಆ್ಯಪ್‌ನಲ್ಲಿ ಗಡಿಯನ್ನು ನೋಡಿ ದೊಡ್ಡ ಕಾಗದದ ಮೇಲೆ ಬರೆದುಕೊಳ್ಳಿ. ಬದು, ಕೊಳವೆಬಾವಿ, ದೊಡ್ಡ ಮರ ಮತ್ತು ನೀರು ಹರಿಯುವ ದಿಕ್ಕನ್ನು ಗುರುತಿಸಿ.

2. ನೋಟದ ಗುರುತು: ಹದಮಳೆ ಬಿದ್ದ ಎರಡು ಮೂರು ದಿನಗಳಲ್ಲಿ ಹೊಲದಲ್ಲಿ ನಡೆಯಿರಿ. ಮೊದಲು ಒಣಗುವ, ಬಣ್ಣ ತಿಳಿಯಾಗುವ, ನೇಗಿಲಿಗೆ ಹರಳು ತಾಗುವ, ಪೈರು ಮೊದಲು ಬಾಡುವ ಜಾಗಗಳನ್ನು ಗೆರೆ ಎಳೆದು ಬೇರ್ಪಡಿಸಿ. ಈ ಸೀಮೆಯಲ್ಲಿ ಸಾಮಾನ್ಯವಾಗಿ ದಿಣ್ಣೆಯ ಮೇಲೆ ಗರಸು ಮತ್ತು ಮರಳು, ನಡುವಿನ ಇಳಿಜಾರಿನಲ್ಲಿ ಆಳವಾದ ಕೆಂಪುಗೋಡು, ಕೆರೆಯ ಹಿಂದಿನ ತಗ್ಗಿನಲ್ಲಿ ಬೂದುಗಂದು ಜೇಡಿ ಕಾಣುತ್ತವೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಹಳೆಯ ಕಂದಾಯ ವಿಂಗಡಣೆಯೂ ಭೂಮಿಯ ಸ್ಥಾನದ ಬಗ್ಗೆ ಸುಳಿವು ನೀಡುತ್ತದೆ. ಈ ಜಮೀನನ್ನು ಹಿಂದೆ ಉಳುತ್ತಿದ್ದ ಹಿರಿಯರನ್ನು ಜೊತೆಗೆ ಕರೆದೊಯ್ಯುವುದು ಸೂಕ್ತ.

3. ಮಾದರಿ ಸ್ಥಳಗಳು: 10 ಗುಂಟೆಗೆ ಒಂದರಂತೆ, ಎಕರೆಗೆ ಕನಿಷ್ಠ ನಾಲ್ಕು ಸ್ಥಳಗಳನ್ನು ಗುರುತಿಸಿ. ಬಣ್ಣ ಅಥವಾ ಇಳಿಜಾರು ಬದಲಾಗುವ ಕಡೆ ಹೆಚ್ಚುವರಿ ಸ್ಥಳ ಇರಲಿ. ಬದುವಿನ ಬುಡ, ತಿಪ್ಪೆಯ ಜಾಗ ಮತ್ತು ಕಟ್ಟಡದ ಅವಶೇಷ ಸುರಿದ ಜಾಗಗಳನ್ನು ಬಿಡಿ.

4. ಎರಡು ಆಳ: ಪ್ರತಿ ಸ್ಥಳದಲ್ಲಿ 0–15 ಸೆಂ.ಮೀ. ಮತ್ತು 30–45 ಸೆಂ.ಮೀ. ಆಳದಿಂದ ಪ್ರತ್ಯೇಕವಾಗಿ ಮಣ್ಣು ತೆಗೆಯಿರಿ. ಕೆಂಪುಮಣ್ಣಿನಲ್ಲಿ ಆಳಕ್ಕೆ ಹೋದಂತೆ ಜೇಡಿಯ ಅಂಶ ಹೆಚ್ಚುವುದು ಸಾಮಾನ್ಯ. ಮೇಲ್ಮಣ್ಣನ್ನು ಮಾತ್ರ ನೋಡಿದರೆ ಭೂಮಿಯ ನೀರು ಹಿಡಿಯುವ ಶಕ್ತಿಯನ್ನು ತಪ್ಪಾಗಿ ಅಂದಾಜು ಮಾಡುವ ಸಂಭವವಿದೆ.

5. ಬೆರೆಸಬೇಡಿ: ಫಲವತ್ತತೆಯ ಪರೀಕ್ಷೆಗೆ ಹಲವು ಕಡೆಯ ಮಣ್ಣನ್ನು ಬೆರೆಸಿ ಒಂದು ಮಾದರಿ ಮಾಡುವುದು ರೂಢಿ. ನಕ್ಷೆಯ ಕೆಲಸದಲ್ಲಿ ಹಾಗೆ ಬೆರೆಸಿದರೆ ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಪ್ರತಿ ಮಾದರಿಯ ಚೀಲದ ಮೇಲೆ ಸ್ಥಳದ ಸಂಖ್ಯೆ ಮತ್ತು ಆಳವನ್ನು ಬರೆಯಿರಿ.

6. ಗರಸಿನ ಲೆಕ್ಕ: ಒಣಗಿದ ಮಣ್ಣನ್ನು ತೂಗಿ, 2 ಮಿ.ಮೀ. ಜರಡಿಯಲ್ಲಿ ಸೋಸಿ, ಉಳಿದ ಹರಳನ್ನು ತೂಗಿ ಶೇಕಡಾ ಪ್ರಮಾಣವನ್ನು ದಾಖಲಿಸಿ. ಗರಸು ನೀರನ್ನು ಹಿಡಿಯುವುದು ಅತ್ಯಲ್ಪ. ಒಟ್ಟು ಮಣ್ಣಿನ ಗಾತ್ರದಲ್ಲಿ ಮೂರನೇ ಒಂದು ಭಾಗ ಗರಸಿದ್ದರೆ ಬೆಳೆಗೆ ದೊರೆಯುವ ನೀರೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ.

ಕೈಯಲ್ಲಿ ಪರೀಕ್ಷಿಸುವ ಕ್ರಮ

ಜರಡಿ ಹಿಡಿದ ಮಣ್ಣನ್ನು ನಿಂಬೆಹಣ್ಣಿನ ಗಾತ್ರದಷ್ಟು ಅಂಗೈಯಲ್ಲಿ ತೆಗೆದುಕೊಂಡು, ಹನಿ ಹನಿಯಾಗಿ ನೀರು ಬೆರೆಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿಕೊಳ್ಳಿ. ನಂತರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರತಳ್ಳಿ.

• ಉಂಡೆಯೇ ನಿಲ್ಲದಿದ್ದರೆ ಮರಳು.
• ಉಂಡೆಯಾಗಿ, ಪಟ್ಟಿ ಬಾರದಿದ್ದರೆ ಗೋಡುಮಿಶ್ರಿತ ಮರಳು.
• ಪಟ್ಟಿ 2.5 ಸೆಂ.ಮೀ.ಗಿಂತ ಮೊದಲೇ ಮುರಿದು, ಬೆರಳಿಗೆ ಮರಳು ತರಿತರಿಯಾಗಿ ತಾಗಿದರೆ ಮರಳುಮಿಶ್ರಿತ ಗೋಡು.
• ಪಟ್ಟಿ 2.5ರಿಂದ 5 ಸೆಂ.ಮೀ. ಬಂದು, ತರಿತರಿಯಾಗಿದ್ದರೆ ಮರಳುಮಿಶ್ರಿತ ಜೇಡಿಗೋಡು. ತರಿ ಕಡಿಮೆಯಿದ್ದರೆ ಜೇಡಿಗೋಡು.
• 5 ಸೆಂ.ಮೀ.ಗಿಂತ ಉದ್ದವಾಗಿ ಮುರಿಯದೆ ಬಂದರೆ ಜೇಡಿ.

ಕೈಯಳತೆಗೆ ಪೂರಕವಾಗಿ ಬಾಟಲಿ ಪರೀಕ್ಷೆಯನ್ನು ಮಾಡಬಹುದು. ನೇರ ಬದಿಯ ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಂತೆ ನೀರು, ಒಂದು ಚಿಟಿಕೆ ಬಟ್ಟೆ ಒಗೆಯುವ ಪುಡಿ ಹಾಕಿ ಹತ್ತು ನಿಮಿಷ ಚೆನ್ನಾಗಿ ಕುಲುಕಿ, ಅಲುಗಾಡದ ಜಾಗದಲ್ಲಿಡಿ. ದಪ್ಪ ಕಣ ಬೇಗ ಇಳಿಯುತ್ತದೆ, ಸಣ್ಣ ಕಣ ನಿಧಾನವಾಗಿ ಇಳಿಯುತ್ತದೆ. ಒಂದು ನಿಮಿಷಕ್ಕೆ ತಳದಲ್ಲಿ ನಿಂತದ್ದು ಮರಳು. ಎರಡು ಗಂಟೆಯವರೆಗೆ ಅದರ ಮೇಲೆ ಸೇರಿದ್ದು ರೇವೆ. ಎರಡು ದಿನಗಳ ನಂತರ ಅದರ ಮೇಲೆ ಕೂತದ್ದು ಜೇಡಿ. ಪ್ರತಿ ಹಂತದಲ್ಲಿ ಗುರುತು ಹಾಕಿ ಅಳೆಯಿರಿ. ಒಟ್ಟು 10 ಸೆಂ.ಮೀ.ನಲ್ಲಿ ಮರಳು 6, ರೇವೆ 1.5, ಜೇಡಿ 2.5 ಸೆಂ.ಮೀ. ಇದ್ದರೆ ಪ್ರಮಾಣ 60:15:25. ಇದು ಮರಳುಮಿಶ್ರಿತ ಜೇಡಿಗೋಡು. ಜೇಡಿಯ ಪದರ ನೀರುಂಡು ಉಬ್ಬಿರುವುದರಿಂದ ಇದ್ದುದಕ್ಕಿಂತ ಹೆಚ್ಚಾಗಿ ಕಾಣುವ ಸಾಧ್ಯತೆಯಿದೆ. ಹೀಗಾಗಿ ಇದನ್ನು ಅಂದಾಜು ಎಂದೇ ಪರಿಗಣಿಸಿ.

ಕೊನೆಯಲ್ಲಿ, ಒಂದೇ ಬಗೆಯೆಂದು ಕಂಡುಬಂದ ಪ್ರತಿ ಭಾಗದಿಂದ ಒಂದು ಮಾದರಿಯನ್ನು ಮಾತ್ರ ಪ್ರಯೋಗಾಲಯಕ್ಕೆ ಕಳುಹಿಸಿ, ಹೈಡ್ರೋಮೀಟರ್ ಅಥವಾ ಪಿಪೆಟ್ ವಿಧಾನದಲ್ಲಿ ಕಣವಿನ್ಯಾಸ ಪರೀಕ್ಷೆ ಬೇಕೆಂದು ಸ್ಪಷ್ಟವಾಗಿ ಬರೆದುಕೊಡಿ. ಫಲಿತಾಂಶವನ್ನು ನಿಮ್ಮ ಕೈಯಳತೆಯೊಂದಿಗೆ ಹೋಲಿಸಿ ಗೆರೆಗಳನ್ನು ತಿದ್ದಿ. ಒಂದೇ ವರ್ಗದ ಸ್ಥಳಗಳನ್ನು ಸೇರಿಸಿ ಒಂದೊಂದು ಬಣ್ಣ ತುಂಬಿದರೆ ನಕ್ಷೆ ಸಿದ್ಧ.

ನಕ್ಷೆಯಿಂದ ನೀರಿನ ಲೆಕ್ಕ

ಒಂದು ಮೀಟರ್ ಆಳದ ಮಣ್ಣಿನಲ್ಲಿ ಬೆಳೆಗೆ ದೊರೆಯುವ ನೀರು ಗೋಡುಮಿಶ್ರಿತ ಮರಳಿನಲ್ಲಿ ಸುಮಾರು 70 ಮಿ.ಮೀ., ಮರಳುಮಿಶ್ರಿತ ಗೋಡಿನಲ್ಲಿ ಸುಮಾರು 120 ಮಿ.ಮೀ., ಮರಳುಮಿಶ್ರಿತ ಜೇಡಿಗೋಡಿನಲ್ಲಿ ಸುಮಾರು 150 ಮಿ.ಮೀ. ಎಂದಿಟ್ಟುಕೊಳ್ಳಿ. ಬೇರಿನ ಆಳ 45 ಸೆಂ.ಮೀ., ಬೆಳೆಯ ದಿನದ ನೀರಿನ ಬಳಕೆ 5 ಮಿ.ಮೀ., ಅರ್ಧದಷ್ಟು ನೀರು ಖರ್ಚಾದಾಗ ಮತ್ತೆ ನೀರು ಕೊಡುವುದು ಎಂದು ಲೆಕ್ಕ ಹಾಕಿದರೆ:

• ಗೋಡುಮಿಶ್ರಿತ ಮರಳು: ಒಮ್ಮೆಗೆ 16 ಮಿ.ಮೀ., 3 ದಿನಕ್ಕೊಮ್ಮೆ.
• ಮರಳುಮಿಶ್ರಿತ ಗೋಡು: ಒಮ್ಮೆಗೆ 27 ಮಿ.ಮೀ., 5 ದಿನಕ್ಕೊಮ್ಮೆ.
• ಮರಳುಮಿಶ್ರಿತ ಜೇಡಿಗೋಡು: ಒಮ್ಮೆಗೆ 34 ಮಿ.ಮೀ., 6–7 ದಿನಕ್ಕೊಮ್ಮೆ.

ಈಗ ಎರಡು ಎಕರೆಯ ಒಂದು ತಾಕನ್ನು ಊಹಿಸಿಕೊಳ್ಳಿ. ಮೇಲಿನ ಎಕರೆ ಗೋಡುಮಿಶ್ರಿತ ಮರಳು, ಕೆಳಗಿನ ಎಕರೆ ಮರಳುಮಿಶ್ರಿತ ಜೇಡಿಗೋಡು. ಎರಡಕ್ಕೂ ಒಂದೇ ವಾಲ್ವ್. ಕೆಳಗಿನ ಮಣ್ಣಿನ ಲೆಕ್ಕದಂತೆ ಆರು ದಿನಕ್ಕೊಮ್ಮೆ 34 ಮಿ.ಮೀ. ನೀರು ಕೊಟ್ಟರೆ ಮೇಲಿನ ಎಕರೆಯ ಬೇರಿನ ವಲಯದಲ್ಲಿ ನಿಲ್ಲುವುದು 16 ಮಿ.ಮೀ. ಮಾತ್ರ. ಉಳಿದ 18 ಮಿ.ಮೀ. ಬೇರಿನಿಂದ ಕೆಳಗೆ ಇಳಿದುಹೋಗುತ್ತದೆ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರೆಂದರೆ 4,047 ಲೀಟರ್. ಆದ್ದರಿಂದ ಇಡೀ ನೆಲ ನೆನೆಯುವ ಪದ್ಧತಿಯಲ್ಲಿ ಪ್ರತಿ ಸಲದ ನಷ್ಟ ಸುಮಾರು 73,000 ಲೀಟರ್. ನಗರದ ಬಡಾವಣೆಗಳ ಮನೆ ಮುಂದೆ ನಿಲ್ಲುವ 6,000 ಲೀಟರಿನ ಟ್ಯಾಂಕರ್‌ಗಳ ಲೆಕ್ಕದಲ್ಲಿ ಇದು ಹನ್ನೆರಡು ಟ್ಯಾಂಕರ್. ಇಷ್ಟಾದರೂ ನಾಲ್ಕನೆಯ ದಿನದಿಂದ ಮೇಲಿನ ಎಕರೆಯ ಪೈರು ನೀರಿನ ಕೊರತೆ ಅನುಭವಿಸುತ್ತದೆ. ರೈತರು ರೋಗವೆಂದೋ ಗೊಬ್ಬರದ ಕೊರತೆಯೆಂದೋ ಭಾವಿಸಿ ಮತ್ತಷ್ಟು ಖರ್ಚು ಮಾಡುವುದುಂಟು. ಪ್ರತಿ ಭಾಗಕ್ಕೆ ಪ್ರತ್ಯೇಕ ವಾಲ್ವ್ ಅಳವಡಿಸಿ, ಮೇಲಿನ ಭಾಗಕ್ಕೆ ಕಡಿಮೆ ಹೊತ್ತು ಹೆಚ್ಚು ಸಲ, ಕೆಳಗಿನ ಭಾಗಕ್ಕೆ ಹೆಚ್ಚು ಹೊತ್ತು ಕಡಿಮೆ ಸಲ ನೀರು ಕೊಡುವುದೇ ಇದಕ್ಕೆ ಪರಿಹಾರ. ಹನಿ ನೀರಾವರಿಯಲ್ಲಿ ನಷ್ಟದ ಪ್ರಮಾಣ ಕಡಿಮೆಯಾದರೂ ತತ್ತ್ವ ಇದೇ. ಮರಳುಮಣ್ಣಿನಲ್ಲಿ ನೀರು ಅಡ್ಡಕ್ಕೆ ಹರಡುವುದು ಕಡಿಮೆಯಾದ್ದರಿಂದ ಹನಿಕೆಗಳ ಅಂತರವೂ ಕಡಿಮೆ ಇರಬೇಕು.

ಇತರ ಉಪಯೋಗಗಳು

ಗೊಬ್ಬರ: ಬೇರಿನಿಂದ ಕೆಳಗೆ ಇಳಿಯುವ ನೀರು ಸಾರಜನಕವನ್ನೂ ಕೊಂಡೊಯ್ಯುತ್ತದೆ. ಮರಳುಮಣ್ಣಿನ ಭಾಗದಲ್ಲಿ ಶಿಫಾರಸು ಮಾಡಿದ ಸಾರಜನಕವನ್ನು ಹೆಚ್ಚು ಕಂತುಗಳಲ್ಲಿ ಕೊಡಬೇಕು. ಒಟ್ಟು ಪ್ರಮಾಣವನ್ನು ಹೆಚ್ಚಿಸಬೇಕಾಗಿಲ್ಲ.

ಬೆಳೆ ಆಯ್ಕೆ: ಆಳವಿರುವ ಮರಳುಮಿಶ್ರಿತ ಗೋಡು ನೆಲಗಡಲೆ, ಆಲೂಗೆಡ್ಡೆ, ಗಜ್ಜರಿಯಂತಹ ನೆಲದೊಳಗೆ ಬೆಳೆಯುವ ಫಸಲಿಗೆ ಉತ್ತಮ. ಆಳವಿಲ್ಲದ ಗರಸು ದಿಣ್ಣೆಗೆ ಹುರುಳಿಯಂತಹ ಬರ ಸಹಿಸುವ ಬೆಳೆ, ನೀರು ನಿಲ್ಲುವ ಜೇಡಿ ತಗ್ಗಿಗೆ ಭತ್ತ ಹೊಂದುತ್ತದೆ.

ಉಳುಮೆ: ಜೇಡಿಯ ಭಾಗವನ್ನು ಹಸಿಯಲ್ಲಿ ಉತ್ತರೆ ಹೆಂಟೆಯಾಗಿ ಗಟ್ಟಿಯಾಗುತ್ತದೆ. ಕೆಂಪುಗೋಡಿನಲ್ಲಿ ಬಿತ್ತನೆಯ ನಂತರ ಜೋರು ಮಳೆ ಬಿದ್ದು ಬಿಸಿಲು ಕಾದರೆ ಮೇಲ್ಪದರ ಹೆಪ್ಪುಗಟ್ಟಿ ರಾಗಿಯ ಮೊಳಕೆಗೆ ಅಡ್ಡಿಯಾಗುತ್ತದೆ. ಅಂತಹ ಭಾಗದಲ್ಲಿ ಸಾವಯವ ಗೊಬ್ಬರ ಮತ್ತು ಹೊದಿಕೆಗೆ ಆದ್ಯತೆ ನೀಡಿ.

ಕೆರೆಗೋಡು: ದಿಣ್ಣೆಯ ಹೊಲಕ್ಕೆ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುವುದು ನಮ್ಮ ಹಿರಿಯರ ರೂಢಿ. ಕಣವಿನ್ಯಾಸವನ್ನು ರೈತರು ಉದ್ದೇಶಪೂರ್ವಕವಾಗಿ ಬದಲಿಸುವ ವಿಧಾನ ಇದು. ಒಂದು ಎಕರೆಯ 15 ಸೆಂ.ಮೀ. ಮೇಲ್ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಜೇಡಿ ಶೇ. 15 ಇದ್ದು, ಅರ್ಧದಷ್ಟು ಜೇಡಿಯಿರುವ ಗೋಡನ್ನು ಟ್ರಾಕ್ಟರಿಗೆ 3 ಟನ್‌ನಂತೆ 20 ಲೋಡು ಹರಡಿದರೆ ಜೇಡಿಯ ಅಂಶ ಶೇ. 17ಕ್ಕೆ ಏರುತ್ತದೆ. ಏರಿಕೆ ಅಲ್ಪವೆನಿಸಿದರೂ ಅದು ಉಳಿಯುತ್ತದೆ. ನಕ್ಷೆಯಿದ್ದರೆ ಆ ಇಪ್ಪತ್ತು ಲೋಡನ್ನು ಇಡೀ ಹೊಲಕ್ಕೆ ತೆಳುವಾಗಿ ಎರಚದೆ, ಅಗತ್ಯವಿರುವ ಹತ್ತು ಗುಂಟೆಗೇ ಹಾಕಬಹುದು. ಆದರೆ ಗೋಡನ್ನು ಮೊದಲು ಪರೀಕ್ಷಿಸಿ. ನಗರದ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯ ಸೇರುವ ಕೆರೆಗಳ ಹೂಳಿನಲ್ಲಿ ಭಾರಲೋಹಗಳಿರುವ ಸಂಭವವಿದೆ. ಬೆಂಗಳೂರಿನ ಸುತ್ತಲಿನ ರೈತರು ಈ ಎಚ್ಚರಿಕೆಯನ್ನು ತಪ್ಪದೆ ಪಾಲಿಸಬೇಕು. ಹೂಳು ತೆಗೆಯುವ ಮೊದಲು ಗ್ರಾಮ ಪಂಚಾಯಿತಿ ಅಥವಾ ಸಂಬಂಧಿಸಿದ ಇಲಾಖೆಯ ಅನುಮತಿಯೂ ಅಗತ್ಯ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ತರಬೇತಿಯಲ್ಲಿ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ಮಣ್ಣಿನ ಮಾದರಿಗಳನ್ನು ಡಬ್ಬಿಗಳಲ್ಲಿಟ್ಟುಕೊಂಡು, ರೈತರು ಮೊದಲು ಅವುಗಳ ಮೇಲೆ ಕೈಯನ್ನು ಪಳಗಿಸಿಕೊಳ್ಳುವಂತೆ ಮಾಡಿ. ನಂತರವೇ ಹೊಲಕ್ಕೆ ಕರೆದೊಯ್ಯಿರಿ. ರೈತರು ಬಳಸುವ ಸ್ಥಳೀಯ ಹೆಸರುಗಳನ್ನು ವೈಜ್ಞಾನಿಕ ವರ್ಗದ ಪಕ್ಕದಲ್ಲಿಯೇ ನಕ್ಷೆಯಲ್ಲಿ ಬರೆಯಿರಿ. ಮೇಲ್ಮಣ್ಣು ಮಾರುವ ಆಲೋಚನೆಯಲ್ಲಿರುವ ರೈತರಿಗೆ ಎರಡು ಆಳಗಳ ಮಣ್ಣನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿ. ಮೇಲಿನದು ಹೋದರೆ ಮುಂದೆ ಉಳಬೇಕಾದದ್ದು ಕೆಳಗಿನ ಗಟ್ಟಿ ಕೆಂಪು ಜೇಡಿಯನ್ನು ಎಂಬುದು ಅವರಿಗೆ ಕೈಯಿಂದಲೇ ತಿಳಿಯುತ್ತದೆ.

ಸಿದ್ಧಪಡಿಸಿದ ನಕ್ಷೆಯ ಒಂದು ಪ್ರತಿಯನ್ನು ಪಹಣಿ ಮತ್ತು ಮಣ್ಣು ಆರೋಗ್ಯ ಚೀಟಿಯ ಜೊತೆಯಲ್ಲಿ ಜೋಪಾನವಾಗಿಡಿ. ಮುಂದೆ ಹನಿ ನೀರಾವರಿ ಅಳವಡಿಸುವಾಗ, ತೋಟ ಕಟ್ಟುವಾಗ ಅಥವಾ ಮಕ್ಕಳಿಗೆ ಜಮೀನು ಹಂಚುವಾಗ ಅದನ್ನು ಮುಂದಿಟ್ಟುಕೊಂಡು ನಿರ್ಧರಿಸಿ. ಮಾದರಿ ತೆಗೆಯುವ ಮತ್ತು ಪರೀಕ್ಷಿಸುವ ಕುರಿತು ಹೆಚ್ಚಿನ ನೆರವಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ.